ಹತ್ತಿರ ಹೋಗದೆ ನೋಡೋಕೆ: ಎರಡು ವರ್ಷ ಬಳಸಿದ 8×42 ಬೈನಾಕ್ಯುಲರ್

11,400 ರೂಪಾಯಿ. ಮೊದಲು ಬೆಲೆ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ನಮ್ಮಲ್ಲಿ ಯಾವ ಸಾಮಾನಿನ ಬೆಲೆ ಹೇಳಿದರೂ ಅದನ್ನು ಬಾಕ್ಸಿನ ಲೆಕ್ಕಕ್ಕೆ ತಿರುಗಿಸಿ ನೋಡುತ್ತಾರೆ. 15 ಕೆಜಿ ಬಾಕ್ಸು 190 ರೂಪಾಯಿಗೆ ಹೋಗುತ್ತಿದ್ದ ವಾರ ಇದನ್ನು ಕೊಂಡೆ. ಅಂದರೆ 60 ಬಾಕ್ಸು. 2023ರ ಜುಲೈನಲ್ಲಿ ಬಾಕ್ಸು 2,000 ದಾಟಿತ್ತಲ್ಲ, ಆಗಿನ ಲೆಕ್ಕದಲ್ಲಿ ಆರು ಬಾಕ್ಸೂ ಬೇಡ. ಟೊಮೆಟೊ ನನ್ನದಾಗಿದ್ದರೆ, ಅಷ್ಟೆ.

ಇದಕ್ಕೂ ಮುಂಚೆ ಒಂದು ಜಾತ್ರೆಯಲ್ಲಿ 1,200 ಕೊಟ್ಟು ಇನ್ನೊಂದು ತಂದಿದ್ದೆ. ಗಾಜು ಕೆಂಪಗೆ ಮಿಂಚುತ್ತಿತ್ತು, ಮೈಮೇಲೆ 20×50 ಅಂತ ದೊಡ್ಡದಾಗಿ ಬರೆದಿತ್ತು. 20 ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂದರೆ ಕೈ ನಡುಕವೂ 20 ಪಟ್ಟು ಅಂತ ಆಗ ಗೊತ್ತಿರಲಿಲ್ಲ. ಸಾಲದ್ದಕ್ಕೆ ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿರಲಿಲ್ಲ. ಒಂದು ಬೆಳ್ಳಕ್ಕಿ ಎರಡಾಗಿ ಕಾಣುತ್ತಿತ್ತು. ಹತ್ತು ನಿಮಿಷಕ್ಕೆ ತಲೆನೋವು. ಅದು ಈಗ ಮಗನ ಆಟದ ಸಾಮಾನಿನ ಡಬ್ಬಿಯಲ್ಲಿದೆ.

ಹಾಗಾಗಿ ಎರಡನೇ ಸಲ ವಿಚಾರಿಸಿಕೊಂಡು ಕೊಂಡೆ. 8×42ರಲ್ಲಿ 8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅಂತ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25 ಬರುತ್ತದೆ. ಕಣ್ಣಿನ ಕಡೆಯ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ಅಷ್ಟು ಮಿ.ಮೀ. ಅಗಲ ಇರುತ್ತದೆ. ಮುಸ್ಸಂಜೆಯಲ್ಲಿ, ಮರದ ನೆರಳಲ್ಲಿ ಈ ಸಂಖ್ಯೆ ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇನ್ನೊಂದಿದೆ. ಬೈನಾಕ್ಯುಲರನ್ನು ಕಣ್ಣಿನಿಂದ ಒಂದು ಅಡಿ ದೂರ ಹಿಡಿದು ಆ ಬಿಲ್ಲೆಯನ್ನು ನೋಡಿ. ಪೂರ್ತಿ ದುಂಡಗಿದ್ದರೆ ಒಳಗಿನ ಪ್ರಿಸಂ ಒಳ್ಳೆಯದು, ಬ್ಯಾಕ್-4 ಅನ್ನುತ್ತಾರೆ. ಅಂಚು ಕತ್ತರಿಸಿ ಚೌಕದ ಹಾಗೆ ಕಂಡರೆ ಅಗ್ಗದ್ದು. ಕನ್ನಡಕದವರು ಐ ರಿಲೀಫ್, ಅಂದರೆ ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ಪೂರ್ತಿ ಕಾಣುತ್ತದೆ ಅನ್ನುವ ಅಳತೆ, ಎಷ್ಟು ಅಂತ ಕೇಳಿ. 15 ಮಿ.ಮೀ.ಗಿಂತ ಕಡಿಮೆ ಇದ್ದರೆ ಅಂಚೆಲ್ಲ ಕಪ್ಪಾಗಿ ಕಾಣುತ್ತದೆ. ನನ್ನದು 17, ಕನ್ನಡಕ ತೆಗೆಯದೆ ನೋಡುತ್ತೇನೆ. ತೂಕ 680 ಗ್ರಾಂ. ಜೊತೆಗೆ ಬಂದ ಪಟ್ಟಿ ಕುತ್ತಿಗೆ ಕೊರೆಯುತ್ತದೆ. ಅದಕ್ಕೆ ಹಳೇ ಟವೆಲ್ ಸುತ್ತಿ ಹೊಲಿದುಕೊಟ್ಟಿದ್ದು ನನ್ನ ಹೆಂಡತಿ, ಬೈಯುತ್ತಲೇ.

ಇಷ್ಟು ವಸ್ತುವಿನ ಮಾತು. ಅದು ಏನು ತೋರಿಸಿತು ಅನ್ನುವುದೇ ಜಾಸ್ತಿ ಇದೆ.

ಮನೆಯಿಂದ ಎರಡು ಕಿಲೋಮೀಟರಿಗೆ ಒಂದು ಕೆರೆ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಭಾನುವಾರ ಹತ್ತು ಜನ ಕ್ಯಾಮೆರಾ ಹಿಡಿದು ನೀರಿಗೇ ಇಳಿಯುತ್ತಾರೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದಿದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕಳಿಸುವ ನೀರು. ಮೂರನೇ ಹಂತವೂ ಬೇಕು ಅಂತ ರೈತರು ಕೇಳುತ್ತಲೇ ಬಂದಿದ್ದಾರೆ, ನನಗೂ ಬೇಕು ಅನ್ನಿಸುತ್ತದೆ. ಅದೇನೇ ಇರಲಿ, ಸೀಮೆಜಾಲಿ ಬೆಳೆದು ಕುರಿ ಮೇಯುತ್ತಿದ್ದ ನಮ್ಮ ಕೆರೆಯಲ್ಲೂ ಸರದಿ ಬಂದಾಗ ನೀರು ನಿಂತಿತು. ಹಕ್ಕಿ ಬಂದವು. ಬರೀ ಕಣ್ಣಿಗೆ ನಮಗೆಲ್ಲ ಅವು ‘ನೀರುಕೋಳಿ’, ಅಷ್ಟೇ.

ಬೈನಾಕ್ಯುಲರ್ ಹಿಡಿದ ಮೇಲೆ ಗೊತ್ತಾಗಿದ್ದು, ಒಂದೊಂದು ಹಕ್ಕಿಗೂ ಒಂದೊಂದು ಆಳ. ನಡುನೀರಿನಲ್ಲಿ ನೀರುಕಾಗೆ, ನಾಮಗೋಳಿ, ಗುಳುಮುಳುಕ. ಮೊಣಕಾಲು ನೀರಿನಲ್ಲಿ ಬಣ್ಣದ ಕೊಕ್ಕರೆ. ಅದು ಕೊಕ್ಕನ್ನು ಅರ್ಧ ತೆರೆದು ನೀರೊಳಗಿಟ್ಟು ಆಚೆ ಈಚೆ ಆಡಿಸುತ್ತದೆ, ಮೀನು ತಗುಲಿದ ಕೂಡಲೇ ಪಟ್ ಅಂತ ಮುಚ್ಚುತ್ತದೆ. ಇನ್ನೂ ಕಡಿಮೆ ನೀರಿನಲ್ಲಿ ಕಡ್ಡಿಯಂಥ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ. ಪಾದ ಮುಳುಗುವಷ್ಟು ಕೆಸರಿನಲ್ಲಿ ಗೊರವ. ಎಲ್ಲ ಸೇರಿ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಹಾಗಾಗಿ ಕೆರೆ ಕೋಡಿ ಹರಿದ ವರ್ಷ ಊರೆಲ್ಲ ಖುಷಿಯಾಗಿದ್ದರೆ ನಾನು ಗೊರವ ಹುಡುಕುತ್ತಿದ್ದೆ. ಅದಕ್ಕೆ ನಿಲ್ಲೋಕೆ ಜಾಗವೇ ಇರಲಿಲ್ಲ. ಮಳೆ ಕಡಿಮೆಯಾದರೆ ಅಂಚು ಮತ್ತೆ ಬರುತ್ತದೆ, ಅದು ಬಿಡಿ. ಹೂಳೆತ್ತುವಾಗ ಅಂಚನ್ನು ಬಾಣಲೆಯ ಹಾಗೆ ಇಳಿಜಾರಾಗಿ ಬಿಡದೆ ಬಾವಿಯ ಹಾಗೆ ನೆಟ್ಟಗೆ ಕಡಿದರೆ ಮಾತ್ರ ಅದು ಬರುವುದೇ ಇಲ್ಲ. 2024ರ ಜನವರಿಯಲ್ಲಿ ಅಂಕಸಮುದ್ರ, ಮಾಗಡಿ ಕೆರೆಗೆಲ್ಲ ರಾಮ್ಸರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಅನ್ನುವ ಮಾನ್ಯತೆ, ಸಿಕ್ಕಿತು, ಸಂತೋಷ. ನಮ್ಮ ಊರ ಕೆರೆಗಳಿಗೆ ಪಟ್ಟ ಬೇಡ, ಅಂಚು ಉಳಿಸಿದರೆ ಸಾಕು.

ಹೆಂಡತಿಯ ತವರು ತುಮಕೂರು ಜಿಲ್ಲೆಯ ಶಿರಾ. ಅಲ್ಲಿಂದ ಕಗ್ಗಲಡು ಹತ್ತಿರ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ಕೆಳಗೆ ಮನೆ, ದನ, ಮಕ್ಕಳು. ಯಾರೂ ಆ ಮರಗಳ ತಂಟೆಗೆ ಹೋಗುವುದಿಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ, ನಾನು ಮರದ ಬುಡಕ್ಕೆ ಹೊರಟಿದ್ದೆ. ಜಗಲಿ ಮೇಲಿದ್ದ ಅಜ್ಜಿಯೊಬ್ಬರು ತಡೆದರು.

“ಅಲ್ಲೇ ನಿಂತ್ಕೊಳಪ್ಪ. ತಾಯಿ ಎದ್ದು ಹೋದ್ರೆ ಮರಿ ಬಿಸಿಲಿಗೆ ಸುಟ್ಟೋಗ್ತವೆ.”

ನಿಂತೆ. ಬೈನಾಕ್ಯುಲರ್ ಎತ್ತಿದಾಗ ಅಜ್ಜಿ ಹೇಳಿದ್ದು ಕಣ್ಣೆದುರಿಗೇ ಇತ್ತು. ತಾಯಿ ಬಿಸಿಲಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಬಿಚ್ಚಿ ಕೊಡೆಯ ಹಾಗೆ ನಿಂತಿತ್ತು. ಆ ನೆರಳಲ್ಲಿ ಮೂರು ಬಿಳಿ ಮರಿಗಳು ಬಾಯಿ ಬಿಟ್ಟುಕೊಂಡು ಏದುಸಿರು ಬಿಡುತ್ತಿದ್ದವು. ಸೂರ್ಯ ಸರಿದಂತೆ ತಾಯಿಯೂ ಒಂದೊಂದು ಹೆಜ್ಜೆ ಸರಿಯುತ್ತಿತ್ತು. ನಮ್ಮ ಅತ್ತೆ ಬೈನಾಕ್ಯುಲರ್ ಇಸಿದುಕೊಂಡು ಸುಮಾರು ಹೊತ್ತು ನೋಡಿ, “ಅಳಿಯಂದ್ರೇ, ಇದರ ಕಾಲಿಗೆ ಯಾರು ಸುಣ್ಣ ಬಳಿದಿದ್ದು?” ಅಂದರು. ಸುಣ್ಣ ಅಲ್ಲ, ಹಿಕ್ಕೆ. ಸೆಕೆ ಜಾಸ್ತಿಯಾದರೆ ಕೊಕ್ಕರೆಗಳು ತಮ್ಮ ಕಾಲ ಮೇಲೇ ಹಿಕ್ಕೆ ಹಾಕಿಕೊಳ್ಳುತ್ತವೆ. ಅದು ಆರುವಾಗ ಕಾಲು ತಂಪಾಗುತ್ತದೆ. ಅಳಿಯನಾಗಿ ಇದನ್ನು ಅತ್ತೆಗೆ ವಿವರಿಸುವುದು ಸ್ವಲ್ಪ ಕಷ್ಟವಾಯಿತು.

ಕಾಡಿನಲ್ಲಿ ಹೇಗೆ ಅಂತ ಕೇಳುವವರಿಗೆ ಒಂದು ಮಾತು. ನಂದಿ ಬೆಟ್ಟದ ಮೇಲೆ, 1,478 ಮೀಟರ್ ಎತ್ತರದಲ್ಲಿ, ಡಿಸೆಂಬರಿನ ಮಂಜಿನಲ್ಲೂ ಇದು ಮಂಕಾಗಲಿಲ್ಲ. ಹಿಮಾಲಯದಿಂದ ಬರುವ ನೀಲಿ ರಾಬಿನ್ ಪೊದೆಯ ಬುಡದಲ್ಲಿ ತರಗೆಲೆ ಕೆದಕುವುದು ಸ್ಪಷ್ಟವಾಗಿ ಕಂಡಿತು. ಬಂಡೆಗಳ ಕಡೆ ಹಳದಿ ಕೊರಳಿನ ಪಿಕಳಾರವೂ ಸಿಕ್ಕಿತು. ಪ್ರಪಂಚದಲ್ಲಿ ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಹಕ್ಕಿ ಅದು, ಅದೂ ಇಂಥ ಕಲ್ಲುಬೆಟ್ಟದ ಕುರುಚಲು ಕಾಡಿನಲ್ಲಿ. ಬೆಟ್ಟ ಕೊರೆದು ಜಲ್ಲಿ ಮಾಡಿದರೆ, ಕುರುಚಲಿಗೆ ಬೆಂಕಿ ಬಿದ್ದರೆ ಅದಕ್ಕೆ ಬೇರೆ ಮನೆ ಇಲ್ಲ. ಪಕ್ಕದಲ್ಲೇ ಒಬ್ಬರು ಫೋನಿನಲ್ಲಿ ಅದರ ಕೂಗು ಹಾಕಿ ಕರೆಯುತ್ತಿದ್ದರು. ತನ್ನ ಜಾಗಕ್ಕೆ ಬೇರೆ ಯಾರೋ ಬಂದರು ಅಂತ ಅದು ಮೇವು ಬಿಟ್ಟು ಓಡಿ ಬರುತ್ತದೆ. ಫೋಟೊ ಚೆನ್ನಾಗಿ ಬರುತ್ತದೆ, ನಿಜ.

ಇನ್ನು ದೂರು. ಕಂಪನಿ ಹೆಸರು ಬರೆಯುವುದಿಲ್ಲ, ಜಗಳ ನನಗೆ ಬೇಡ. ಬಲಗಣ್ಣಿನ ಕೊಳವೆಯ ಹತ್ತಿರ ಒಂದು ಉಂಗುರ ಇರುತ್ತದೆ, ಡಯಾಪ್ಟರ್ ಅಂತ. ಎರಡು ಕಣ್ಣಿನ ಪವರಿನ ವ್ಯತ್ಯಾಸಕ್ಕೆ ಒಂದು ಸಲ ಹೊಂದಿಸಿಕೊಂಡರೆ ಆಮೇಲೆ ಮುಟ್ಟಬೇಕಾಗಿಲ್ಲ. ಎಂಟನೇ ತಿಂಗಳಿಗೆ ಅದು ಲೂಸ್ ಆಯಿತು. ಚೀಲದಿಂದ ತೆಗೆದಾಗಲೆಲ್ಲ ತಿರುಗಿರುತ್ತಿತ್ತು. ಹೊಂದಿಸುವಷ್ಟರಲ್ಲಿ ಹಕ್ಕಿ ಪಕ್ಕದ ತಾಲ್ಲೂಕಿನಲ್ಲಿ. ಸರ್ವಿಸಿಗೆ ಕಳಿಸಿದೆ, ಕೊರಿಯರ್ 380 ರೂಪಾಯಿ ನನ್ನದೇ. ಐದು ವಾರ ಆದ ಮೇಲೆ ಒಂದು ಚೀಟಿಯ ಜೊತೆ ವಾಪಸ್ ಬಂತು: ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ.’ ಉಂಗುರ ಹಾಗೇ ಗರಗರ ತಿರುಗುತ್ತಿತ್ತು. ಮುಂದಿನ ಗಾಜಿನ ಮುಚ್ಚಳಗಳೂ ಸಡಿಲ, ಒಂದು ಕೆರೆ ಪಾಲಾಗಿದೆ. ಗಾಜಿಗೆ ಐದಕ್ಕೆ ಐದು ಕೊಡುತ್ತೇನೆ, ಸರ್ವಿಸಿಗೆ ಸೊನ್ನೆ. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯದಿರಲು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಅಕ್ಕಿ ಡಬ್ಬಿ ಬೇಡ, ದೂಳು ಕೂರುತ್ತದೆ.

ಉಂಗುರದ ಕತೆ ಅಲ್ಲಿಗೆ ಮುಗಿಯಲಿಲ್ಲ. ಈ ಏಪ್ರಿಲ್‌ನಲ್ಲಿ ಕೆರೆ ಒಂದು ಬದಿ ಒಣಗಿತ್ತು. ಅಲ್ಲಿ ಒಂದು ಟಿಟ್ಟಿಭ ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ಗೂಡು ಅಂತ ಏನಿಲ್ಲ, ನಾಲ್ಕು ಕಲ್ಲು, ಒಂದು ತಗ್ಗು. ಅರವತ್ತು ಹೆಜ್ಜೆ ದೂರಕ್ಕೆ ಬಂದರೂ ಎದ್ದು ಊರು ಒಂದು ಮಾಡುತ್ತದೆ. ಏರಿ ಮೇಲಿನ ಹೊಂಗೆ ಮರದ ಕೆಳಗೆ ಕೂತರೆ ಮಾತ್ರ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಾಗೆ ಕೂತಾಗ ಕಂಡಿದ್ದು ಇದು. ಹಕ್ಕಿ ಎದ್ದು ನೀರಿನ ಅಂಚಿಗೆ ನಡೆಯಿತು. ಕುಡಿಯಲಿಲ್ಲ. ಕಾಲು ಮಡಚಿ ಹೊಟ್ಟೆಯನ್ನು ನೀರಿಗೆ ಅದ್ದಿತು, ಎದ್ದಿತು, ಮತ್ತೆ ಅದ್ದಿತು. ಹೊಟ್ಟೆಯ ಗರಿಯಿಂದ ಹನಿ ಬೀಳುವುದು ಕೂಡ ಕಾಣುತ್ತಿತ್ತು. ಹಾಗೇ ಬಂದು ಒದ್ದೆ ಹೊಟ್ಟೆಯನ್ನು ಮೊಟ್ಟೆಗಳ ಮೇಲೆ ಇಟ್ಟು ಕೂತಿತು. ಕಾವು ಕೊಡೋಕಲ್ಲ, ತಂಪು ಮಾಡೋಕೆ.

ಮರುದಿನ ಹೂಳೆತ್ತಲು ಜೆಸಿಬಿ ಬಂತು. ಡ್ರೈವರ್ ಹುಡುಗನಿಗೆ ಕೈ ತೋರಿಸಿ ಹೇಳಿದೆ.

“ಏನೂ ಇಲ್ಲವಲ್ಲಣ್ಣ, ಬರೀ ಕಲ್ಲು.”

ಬೈನಾಕ್ಯುಲರ್ ಕೊಟ್ಟೆ. ಅವನು ನೋಡಿದ. ಸುಮ್ನೆ ನೋಡುತ್ತಲೇ ಇದ್ದ.

“ಅಯ್ಯೋ, ನನ್ನನ್ನೇ ದುರುಗುಟ್ಟಿ ನೋಡ್ತಾ ಇದೆಯಲ್ಲಣ್ಣ!”

ಆಮೇಲೆ ಬೈನಾಕ್ಯುಲರ್ ಕೆಳಗಿಳಿಸಿ ಬಲಗಡೆ ಉಂಗುರವನ್ನು ಬೆರಳಲ್ಲಿ ಆಡಿಸಿದ. “ಇದು ಲೂಸಾಗಿದೆ” ಅಂದ. ಗೊತ್ತು ಅಂದೆ. ಸೀಟಿನ ಹಿಂದಿನಿಂದ ಟೂಲ್ ಡಬ್ಬಿ ತೆಗೆದು, ಗ್ರೀಸ್ ಹತ್ತಿದ ಪೊಟ್ಟಣದಲ್ಲಿ ಕೈಯಾಡಿಸಿ, ಒಂದು ತೆಳ್ಳನೆ ಕಪ್ಪು ರಬ್ಬರ್ ಬಳೆ, ಓ-ರಿಂಗ್, ಹುಡುಕಿದ. ಅಂಗಿಗೆ ಒರೆಸಿ, ಉಂಗುರದ ಸಂದಿಗೆ ಉಗುರಿನಲ್ಲಿ ಒತ್ತಿ ಕೂರಿಸಿದ. ಎರಡು ನಿಮಿಷವೂ ಆಗಲಿಲ್ಲ.

“ಈಗ ತಿರುಗಿಸಿ ನೋಡಣ್ಣ.”

ಬಿಗಿಯಾಗಿತ್ತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ ಹಿಂದಕ್ಕೆ ತೆಗೆದು, ಕೆರೆಯ ಆಚೆ ಬದಿಯಿಂದ ಮಣ್ಣು ಎತ್ತಲು ಶುರು ಮಾಡಿದ. ಆ ಓ-ರಿಂಗ್ ಇವತ್ತಿಗೂ ಅಲ್ಲೇ ಇದೆ.