ಶಿರಸಿಯ ಫೈಬರ್ ಸಂಪರ್ಕ: ವೇಗ ಸರಿ, ಜೋಡಣೆ ಅರೆಬರೆ

ಶಿರಸಿ ಪೇಟೆಯ ಫೈಬರ್ ಇಂಟರ್ನೆಟ್ ಸೇವೆಯ ವೇಗಕ್ಕೆ ದೂರಿಲ್ಲ, ಕೈಕೊಡುವುದು ಜೋಡಣೆ. ಮೋಡೆಮ್‌ನಲ್ಲಿ ಎಲ್‌ಒಎಸ್ (ಸಿಗ್ನಲ್ ಇಲ್ಲ ಎಂದು ತಿಳಿಸುವ) ದೀಪ ಕೆಂಪಗೆ ಮಿನುಗಿದರೆ ಕೇಬಲ್‌ನಲ್ಲಿ ಸಿಗ್ನಲ್ ಹೊತ್ತು ತರುವ ಬೆಳಕೇ ಬರುತ್ತಿಲ್ಲ ಎಂದರ್ಥ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗದು. ಕೇಬಲ್ ತುದಿಯ ಹಸಿರು ಕನೆಕ್ಟರನ್ನು ಮೋಡೆಮ್‌ಗೆ ಟಕ್ಕೆನ್ನುವವರೆಗೆ ಒತ್ತಿ. ತುದಿಗೆ ಬೆರಳು ತಾಗಿಸಬೇಡಿ, ಅಂಟಿದ ಜಿಡ್ಡೇ ಬೆಳಕನ್ನು ತಡೆಯುತ್ತದೆ. ಆಮೇಲೆ ಕಿಟಕಿ ಸಂದಿ ನೋಡಿ: ಜೋಡಿಸಲು ಬಂದ ಹುಡುಗರು ಕೇಬಲ್ ಮಡಿಚಿ ತುರುಕಿರುತ್ತಾರೆ. ಸುರುಳಿ ತೆಂಗಿನ ಗರಟೆಗಿಂತ ಚಿಕ್ಕದಿರಬಾರದು.

ಹಣ ಕೊಡುವ ಮೊದಲು ಮೋಡೆಮ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಮೋಡೆಮ್‌ಗೆ ತಲುಪುವ ಬೆಳಕಿನ ಬಲ, ಡಿಬಿಎಂ ಲೆಕ್ಕದಲ್ಲಿ) ತೋರಿಸಲು ಅವರಿಗೆ ಹೇಳಿ. −25 ಡಿಬಿಎಂ ದಾಟಿ −27ರ ಹತ್ತಿರವಿದ್ದರೆ ಬೆಳಕು ದುರ್ಬಲ, ಕೇಬಲ್‌ನ ಜಾಯಿಂಟ್ ಮತ್ತೆ ಮಾಡಿಸಿ.

ದಪ್ಪ ಚಿರೆಕಲ್ಲಿನ ಗೋಡೆ 5 ಗಿಗಾಹರ್ಟ್ಸ್ ವೈಫೈಯನ್ನು ನುಂಗುತ್ತದೆ, ಒಳಕೋಣೆಗೆ 2.4 ಗಿಗಾಹರ್ಟ್ಸ್ ಸಾಕು. ಗುಡುಗು ಕೇಳಿದರೆ ಅಡಾಪ್ಟರ್ ಕಿತ್ತಿಡಿ.