ದೋಣಿಗೆ ಎರಡನೆಯ ಬ್ಯಾಟರಿ ಹಾಕಿಸುವವರು ಮೊದಲು ಫ್ಯೂಸ್ ಕೇಳಿ

ಶರಾವತಿ ಹಿನ್ನೀರಿನಲ್ಲಿ ಸ್ವಂತ ಎಂಜಿನ್ ದೋಣಿ ಇಟ್ಟುಕೊಂಡವರೆಲ್ಲ ದಯವಿಟ್ಟು ಇದನ್ನು ಓದಿ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೂ ಆಚೆ ದಡದ ತೋಟಕ್ಕೆ, ನೆಂಟರ ಮನೆಗೆ ನೀರಿನ ದಾರಿ ಹಿಡಿಯುವವರು ನಮ್ಮಲ್ಲಿದ್ದಾರೆ. ದೀಪ, ತಳದ ನೀರು ಎತ್ತುವ ಪಂಪು, ಮೊಬೈಲ್ ಚಾರ್ಜರ್ ಎಂದು ಎರಡನೆಯ ಬ್ಯಾಟರಿ ಹಾಕಿಸುವುದು ಒಳ್ಳೆಯದೇ. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಅದಕ್ಕೇ ಮೀಸಲಾಗಿ ಉಳಿಯುತ್ತದೆ. ಆದರೆ ಅದನ್ನು ಜೋಡಿಸುವವನು ದೋಣಿಯ ಕೆಲಸ ಬಲ್ಲವನಾಗಿರಬೇಕು.

ನಮ್ಮ ಭಾವನ ಫೈಬರ್ ದೋಣಿಗೆ ವೈರಿಂಗ್ ಮಾಡಿದವನು ಕಾರು, ಇನ್ವರ್ಟರ್ ಕೆಲಸದಲ್ಲಿ ಪಳಗಿದ ಮೆಕ್ಯಾನಿಕ್. ಹಳೆಯ ಬ್ಯಾಟರಿಗೂ ಹೊಸದಕ್ಕೂ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ನೇರವಾಗಿ ಸೇರಿಸಿದ. ನಡುವೆ ಸ್ವಿಚ್ ಇಲ್ಲ, ಫ್ಯೂಸ್ ಇಲ್ಲ. ಮನೆಗೆ ಬಳಸುವ ವೈರನ್ನೇ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಎಳೆದು, ಜೋಡಣೆಗಳನ್ನು ತಿರುಚಿ ಟೇಪು ಸುತ್ತಿದ. ಫ್ಯೂಸ್ ಬೇಡವೇ ಎಂದು ಭಾವ ಕೇಳಿದ್ದರು. ‘ಹನ್ನೆರಡು ವೋಲ್ಟ್ ತಾನೇ, ಮುಟ್ಟಿದರೂ ಏನೂ ಆಗುವುದಿಲ್ಲ’ ಎಂಬ ಉತ್ತರ ಬಂತು.

ಹನ್ನೆರಡು ವೋಲ್ಟ್ ಒಣಗಿದ ಕೈಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಆ ಬ್ಯಾಟರಿಯ ಎರಡು ತುದಿಗಳು ನೇರವಾಗಿ ತಾಗಿದರೆ ಹರಿಯುವ ಕರೆಂಟು ಸಾವಿರ ಆಂಪಿಯರ್ ದಾಟಬಲ್ಲದು. ಅದರ ಮುಂದೆ ಮನೆಯ ವೈರು ಹೀಟರ್ ಕಾಯಿಲ್‌ನಂತೆ ಕೆಂಪಾಗುತ್ತದೆ. ಪೆಟ್ರೋಲ್ ಆವಿಯೋ ಗಾಳಿಗಿಂತ ಭಾರ. ಕಾರಿನಲ್ಲಾದರೆ ಕೆಳಗೆ ಸೋರಿ ಹೋಗುತ್ತದೆ, ದೋಣಿಯಲ್ಲಿ ತಳದಲ್ಲೇ ಕೂರುತ್ತದೆ.

ಆಗಿದ್ದೂ ಅದೇ. ಆ ವೈರು ಸ್ಟೀರಿಂಗ್ ಕೇಬಲ್ಲಿಗೆ ಒರಗಿಕೊಂಡಿತ್ತು. ಕೇಬಲ್ಲಿನ ಲೋಹದ ತುದಿ ಎಂಜಿನ್ನಿಗೆ ಸೇರಿರುತ್ತದೆ, ಎಂಜಿನ್ ಮೈನಸ್‌ಗೆ. ಅಲುಗಾಟಕ್ಕೆ ಪ್ಲಾಸ್ಟಿಕ್ ಹೊದಿಕೆ ಸವೆದು ತಾಮ್ರ ತಾಗಿತು. ಸಂಜೆ ಹೊಳೆಯ ನಡುವೆ ಸೀಟಿನ ಕೆಳಗಿನಿಂದ ಹೊಗೆ ಎದ್ದಾಗ ದೋಣಿಯಲ್ಲಿ ನಾನು, ಭಾವ, ಅವರ ಚಿಕ್ಕ ಮಗಳು. ಆರಿಸಲು ಸ್ವಿಚ್ ಇಲ್ಲ. ಟರ್ಮಿನಲ್ಲಿನ ನಟ್ಟು ಬಿಚ್ಚುವಷ್ಟು ಹೊತ್ತಿಲ್ಲ. ಭಾವ ಒದ್ದೆ ಟವೆಲ್ ಸುತ್ತಿಕೊಂಡು ವೈರನ್ನು ಜಗ್ಗಿದರು. ಟೇಪು ಸುತ್ತಿದ ಜೋಡಣೆ ಕಿತ್ತು ಬಂತು, ಅಂಗೈ ಸುಟ್ಟಿತು. ಆ ಕಿಡಿಗೆ ಪೆಟ್ರೋಲ್ ಆವಿ ಹೊತ್ತಿಕೊಳ್ಳದೆ ಉಳಿದದ್ದು ನಮ್ಮ ಪುಣ್ಯ, ಬೇರೇನೂ ಅಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಎರಡೂ ಬ್ಯಾಟರಿ ಒಂದಕ್ಕೊಂದು ಕಟ್ಟಿಹಾಕಿಕೊಂಡಿದ್ದರಿಂದ ಎರಡೂ ಬಸಿದುಹೋಗಿ ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದು ಮಾತ್ರ. ಬೇಸಿಗೆಯಲ್ಲಿ ನೀರು ಇಳಿದಾಗ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದ ಕಾಲಕ್ಕೆ ಮುಳುಗಿದ ಕಾಡಿನ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿರುತ್ತವೆ. ಗಾಳಿ ನಮ್ಮನ್ನು ಅತ್ತಲೇ ತಳ್ಳುತ್ತಿತ್ತು. ಕೊನೆಗೆ ಎಂಜಿನ್ನಿನ ಮುಚ್ಚಳ ತೆಗೆದು, ತುರ್ತಿಗೆಂದು ಇರುವ ಹಗ್ಗ ಸುತ್ತಿ ಎಳೆದು ಚಾಲೂ ಮಾಡಿದೆವು. ನಿಮ್ಮ ದೋಣಿಯಲ್ಲಿ ಆ ಹಗ್ಗ ಎಲ್ಲಿದೆ ಎಂದು ನಿಮಗೆ ಗೊತ್ತಿದೆಯೇ?

ಹಾಕಿಸುವವರು ಇದನ್ನು ಪಟ್ಟು ಹಿಡಿದು ಕೇಳಿ. ಪ್ಲಸ್ ಟರ್ಮಿನಲ್ಲಿನಿಂದ ಹೊರಡುವ ವೈರಿಗೆ 7 ಇಂಚಿನೊಳಗೆ ಫ್ಯೂಸ್ ಇರಬೇಕು. ದೂರದಲ್ಲಿ ಹಾಕಿದರೆ ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಕಾವಲೇ ಇರುವುದಿಲ್ಲ. ಎರಡನೆಯ ಬ್ಯಾಟರಿಯನ್ನೂ ಎಂಜಿನ್ ತಾನಾಗಿ ಚಾರ್ಜ್ ಮಾಡಬೇಕೆಂದರೆ ವೋಲ್ಟೇಜ್ ನೋಡಿ ಜೋಡಿಸುವ ರಿಲೇ ಸಿಗುತ್ತದೆ. ಎಂಜಿನ್ ಓಡಿ ವೋಲ್ಟೇಜ್ ಸುಮಾರು 13.3 ದಾಟಿದಾಗ ಎರಡನ್ನೂ ಸೇರಿಸುತ್ತದೆ, ಇಳಿದಾಗ ಬೇರ್ಪಡಿಸುತ್ತದೆ. ರಿಲೇ ಬದಲು, ಯಾವ ಬ್ಯಾಟರಿ ಬಳಸಬೇಕೆಂದು ಕೈಯಿಂದ ತಿರುಗಿಸಿ ಆರಿಸುವ ಸ್ವಿಚ್ ಹಾಕಿಸಿದರೆ, ಎಂಜಿನ್ ಓಡುತ್ತಿರುವಾಗ ಅದನ್ನು ‘ಆಫ್’ಗೆ ತರಬೇಡಿ, ಚಾರ್ಜ್ ಮಾಡುವ ಭಾಗ ಸುಟ್ಟುಹೋಗಬಹುದು. ವೈರು ತವರ ಲೇಪಿಸಿದ ತಾಮ್ರದ್ದಾಗಿರಲಿ, ನಮ್ಮ ಮಳೆಗಾಲದ ತೇವಕ್ಕೆ ಬರಿಯ ತಾಮ್ರ ಬೇಗ ಕಿಲುಬು ಹಿಡಿಯುತ್ತದೆ. ಬ್ಯಾಟರಿಗೆ ಬಿಗಿಯಾದ ಪಟ್ಟಿ, ಟರ್ಮಿನಲ್ಲಿಗೆ ರಬ್ಬರ್ ಟೋಪಿ.

ಈಗಾಗಲೇ ಹಾಕಿಸಿದ್ದರೆ ಮುಂದಿನ ಸಲ ನೀರಿಗಿಳಿಯುವ ಮುನ್ನ ಸೀಟಿನ ಕೆಳಗೆ ಟಾರ್ಚ್ ಬಿಟ್ಟು ಕೆಂಪು ವೈರಿನ ದಾರಿ ಹಿಡಿದು ನೋಡಿ. ಫ್ಯೂಸ್ ಕಾಣದಿದ್ದರೆ ಎರಡನೆಯ ಬ್ಯಾಟರಿಯನ್ನು ಬಿಚ್ಚಿಡಿ. ಬಿಚ್ಚುವಾಗ ಮೈನಸ್ ಮೊದಲು. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಹೋದರೆ, ಸ್ಪ್ಯಾನರ್ ಎಂಜಿನ್ನಿನ ಲೋಹಕ್ಕೆ ತಾಗಿ ಅಲ್ಲೇ ಕಿಡಿ ಹಾರುತ್ತದೆ.