ವಿಮಾನ ಇಳಿಯುವಾಗ ಕಿವಿ ಕಟ್ಟಿದರೆ: ಚೂಯಿಂಗ್ ಗಮ್, ಇಯರ್‌ಪ್ಲಗ್, ಮೂಗಿನ ಡ್ರಾಪ್ಸ್

ಏರುವಾಗ ಕಿವಿ ಸಾಮಾನ್ಯವಾಗಿ ತಾನಾಗಿಯೇ ಬಿಟ್ಟುಕೊಳ್ಳುತ್ತದೆ, ಕಾಟವೆಲ್ಲ ಇಳಿಯುವಾಗ. ಕ್ಯಾಬಿನ್ನಿನ ಒತ್ತಡ ಏರಿದಂತೆ ಮೂಗಿನ ಹಿಂಬದಿಯ ಯೂಸ್ಟೇಶಿಯನ್ ನಳಿಕೆ ತೆರೆದು ಕಿವಿಯೊಳಗೆ ಗಾಳಿ ಬಿಡಬೇಕು. ಶೀತವಿದ್ದರೆ ನಳಿಕೆಯ ಬಾಯಿ ಊದಿರುತ್ತದೆ, ಕಿವಿಯ ತಮಟೆ ಒಳಕ್ಕೆ ಜಗ್ಗಿ ನೋಯುತ್ತದೆ. ಒತ್ತಡದ ಅಂತರ ತೀರಾ ಹೆಚ್ಚಾದ ಮೇಲೆ ನುಂಗಿದರೂ ನಳಿಕೆ ತೆರೆಯದು. ಆದ್ದರಿಂದ ಏನು ಮಾಡುವುದಿದ್ದರೂ ನೋವಿಗೆ ಮೊದಲೇ.

ಮೂಗು ಸರಾಗ ಇದ್ದವರಿಗೆ ಚೂಯಿಂಗ್ ಗಮ್ಮೋ ಪೆಪ್ಪರ್‌ಮಿಂಟೋ ಸಾಕು. ನಳಿಕೆ ತೆರೆಯುವುದು ಮುಖ್ಯವಾಗಿ ನುಂಗುವುದರಿಂದ. ಹಾಗಾಗಿ ಇಳಿಯಲು ಶುರುವಾದ ಮೇಲೆ ನಿದ್ದೆ ಬೇಡ. ಹಸುಗೂಸಿಗೆ ಆಗಲೇ ಹಾಲು ಕುಡಿಸಿ. ಮಳೆಗಾಲದ ಶೀತಕ್ಕೆ ಮಾತ್ರ ಗಮ್ ಸಾಲದು.

ವಿಮಾನಕ್ಕೆಂದೇ ಮಾರುವ ಫಿಲ್ಟರ್ ಇಯರ್‌ಪ್ಲಗ್ ತಮಟೆಯ ಮೇಲಿನ ಒತ್ತಡವನ್ನು ನಿಧಾನವಾಗಿ ಏರಿಸುತ್ತದೆ, ಅಷ್ಟೆ. ನಳಿಕೆ ತೆರೆಯುವುದಿಲ್ಲ, ಸೈನಸ್ ನೋವಿಗೆ ಉಪಯೋಗವೇ ಇಲ್ಲ. ಸದ್ದು ತಗ್ಗುತ್ತದೆ ಎಂಬುದೇ ನಮಗೆ ಕಂಡ ದೊಡ್ಡ ಲಾಭ. ಹತ್ತಿ ತುರುಕುವುದಂತೂ ವ್ಯರ್ಥ, ಗಾಳಿ ಅದರೊಳಗಿಂದಲೇ ಹಾಯುತ್ತದೆ.

ಶೀತವಿದ್ದಾಗ ನಮ್ಮ ಆಯ್ಕೆ ಕ್ಸೈಲೋಮೆಟಾಜೋಲಿನ್ ಡ್ರಾಪ್ಸ್, ದೊಡ್ಡವರಿಗೆ 0.1%. ಊತ ಇಳಿಸುವುದರಿಂದ ಕಿವಿ, ಸೈನಸ್ ಎರಡಕ್ಕೂ ದಾರಿ ಬಿಡುತ್ತದೆ. ಮೊದಲು ಮೂಗು ಸೀಟಿ ತೆಗೆಯಿರಿ. ತಲೆ ಹಿಂದಕ್ಕೆ ವಾಲಿಸಿ, ಕಟ್ಟುವ ಕಿವಿಯ ಕಡೆಗೆ ತುಸು ಹೊರಳಿಸಿ, ಆ ಬದಿಯ ಹೊಳ್ಳೆಗೆ 2-3 ಹನಿ ಬಿಟ್ಟು ಒಂದು ನಿಮಿಷ ಹಾಗೇ ಇರಿ. ಗಂಟಲು ಕಹಿಯಾಯಿತೆಂದರೆ ಔಷಧಿ ಗಂಟಲಿಗೆ ಇಳಿದಿದೆ. ಇನ್ನೊಂದು ಬದಿಗೂ ಹೀಗೆಯೇ.

ಹೊತ್ತು ನೋಡಿ ಹಾಕುವುದೇ ಮುಖ್ಯ. ಬಜ್ಪೆಯಿಂದ ಬೆಂಗಳೂರಿಗೆ ಸುಮಾರು ಒಂದು ಗಂಟೆಯ ಹಾರಾಟ, ಏರಿದ ಸ್ವಲ್ಪ ಹೊತ್ತಿಗೇ ಇಳಿಯತೊಡಗುತ್ತದೆ. ಗೇಟಿನಲ್ಲಿ ಕೂತಾಗಲೇ ಹಾಕಿ. ದುಬೈಗಾದರೆ ಇಳಿಯುವುದಕ್ಕೆ ಒಂದು ಗಂಟೆ ಮುಂಚೆ. 10 ಮಿ.ಲೀ. ಬಾಟಲಿ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿಗೆ ಹೋದರೆ ಬೇಕಾದಾಗ ಸಿಗದು. ಐದು ದಿನ ಮೀರಿ ಹಾಕಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಬಹುದು. ಬಿಪಿ, ಹೃದಯದ ತೊಂದರೆ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಹಾಕಬಾರದು; ಮಕ್ಕಳಿಗೂ ಅಷ್ಟೇ.

ಮೂಗು ಹಿಡಿದು ಊದುವುದಕ್ಕಿಂತ ಮೂಗು ಹಿಡಿದು ನುಂಗುವುದು ನಮಗೆ ಮೇಲೆನಿಸಿದೆ. ಜೋರಾಗಿ ಊದಿದರೆ ಒಳಕಿವಿಗೆ ಪೆಟ್ಟು, ಶೀತದಲ್ಲಿ ಸಿಂಬಳವೂ ಕಿವಿಗೆ ನುಗ್ಗಬಹುದು.

ಜ್ವರದ ಜೊತೆ ಹುಬ್ಬಿನ ಮೇಲೆ ನೋವಿದ್ದರೆ ಟಿಕೆಟ್ ಮುಂದೂಡುವುದೇ ಒಳ್ಳೆಯದು. ಇಳಿದ ಮೇಲೆ ತಲೆ ತಿರುಗಿದರೆ, ಕಿವಿಯಿಂದ ರಕ್ತ ಬಂದರೆ, ಕೇಳಿಸುವುದು ಕಡಿಮೆಯಾದರೆ ಅದೇ ದಿನ ಇಎನ್‌ಟಿ ತಜ್ಞರಿಗೆ ತೋರಿಸಿ.